ಆರೂವರೆಯ ಕಳ್ಳ

"ಕಳ್ಳ ಬರ್ತಾ ಇಲ್ಲಪ್ಪ," ಎಂದಳು ಅವಳು. "ಅವನನ್ನ ಮತ್ತೆ ಒಳಗೆ ಬಿಡಬೇಕು."

ಕಂಪ್ಯೂಟರ್ ರಿಪೇರಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನ ಗಿರಾಕಿಗಳೆಲ್ಲ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು. ವೈರಸ್ ಹೊಕ್ಕಿದೆ, ಯಾರೋ ನನ್ನನ್ನು ನೋಡುತ್ತಿದ್ದಾರೆ, ಬೇಗ ತೆಗೆಯಿರಿ ಎಂದು ಗೋಳಿಡುವವರು. ಈಕೆ ಹಳೆಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದು, ಕಳ್ಳ ಬೇಕು ಎನ್ನುತ್ತಿದ್ದಳು.

ಅವನು ಸ್ಟೂಲು ತೋರಿಸಿದ. ಅವಳು ಕುಳಿತು, ಔಷಧಿಯಂಗಡಿಯಲ್ಲಿ ಚೀಟಿ ಓದುವವಳ ದನಿಯಲ್ಲಿ ಎಲ್ಲ ಹೇಳಿದಳು.

ಮೂರು ವರ್ಷದ ಹಿಂದೆ ಮಗಳು ಅಪ್ಪನೊಂದಿಗೆ ಜಗಳವಾಡಿ ಮನೆ ಬಿಟ್ಟಿದ್ದಳು. ಹೊಸಿಲು ತುಳಿಯಬೇಡ ಎಂದವನು ಅಪ್ಪ. ತುಳಿಯುವುದಿಲ್ಲ ಎಂದವಳು ಮಗಳು. ಇಬ್ಬರದೂ ಒಂದೇ ಅಚ್ಚು. ಫೋನ್ ನಂಬರು ಬದಲಾಯಿತು, ವಿಳಾಸ ಯಾರಿಗೂ ತಿಳಿಯಲಿಲ್ಲ. ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತಿಂದರೆ ತಿಂದಳು, ಇಲ್ಲದಿದ್ದರೆ ಇಲ್ಲ. ಒಂದು ವರ್ಷದಲ್ಲಿ ಮೂಳೆ ಚಕ್ಕಳವಾದಳು. ಮಗಳು ಬಿಟ್ಟುಹೋದ ಲ್ಯಾಪ್‌ಟಾಪನ್ನು ಮಾತ್ರ, ಮೇಲ್ ಬಂದೀತೆಂದು, ಊಟದ ಮೇಜಿನ ಮೇಲೆ ಹಗಲಿಡೀ ತೆರೆದೇ ಇಡುತ್ತಿದ್ದಳು.

ಒಂದು ಸಂಜೆ ಆರೂವರೆಗೆ ಅದರ ಕ್ಯಾಮೆರಾದ ಪಕ್ಕ ಸಾಸಿವೆ ಕಾಳಿನಷ್ಟು ಹಸಿರು ದೀಪ ಹೊತ್ತಿಕೊಂಡಿತು. ಹತ್ತು ನಿಮಿಷ ಇದ್ದು ಆರಿತು. ಮರುದಿನವೂ ಅಷ್ಟೇ. ಕೆಲಸದಿಂದ ಬಂದ ಗಂಡನನ್ನು ಕೇಳಿದಳು. ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

"ಲ್ಯಾಪ್‌ಟಾಪಿನ ಪಾಸ್‌ವರ್ಡ್ ಗೊತ್ತಿರೋರು ಯಾರೋ ನೋಡ್ತಿರಬೇಕು. ಇರಲಿ ಬಿಡು."

ಪಾಸ್‌ವರ್ಡ್ ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವಳು ಎದ್ದು ತಲೆ ಬಾಚಿಕೊಂಡಳು. ಅಂದಿನಿಂದ ದಿನಾ ಆರೂವರೆಗೆ ಬೇರೆ ಸೀರೆ ಉಟ್ಟು ಮೇಜಿನ ಮುಂದೆ ಕೂರುತ್ತಿದ್ದಳು. ಅಮ್ಮ ಸೊರಗಿದ್ದಾಳೆಂದು ಮಗಳು ಕೊರಗಬಾರದಲ್ಲ, ತಟ್ಟೆಯನ್ನೂ ಅಲ್ಲಿಗೇ ತಂದು, ಕ್ಯಾಮೆರಾಗೆ ಕಾಣುವಂತೆ ಕೊನೆಯ ತುತ್ತಿನವರೆಗೆ ತಿನ್ನುತ್ತಿದ್ದಳು. ಭಾನುವಾರ ದೀಪ ಬರುತ್ತಿರಲಿಲ್ಲ. ಪಾಪ, ರಜೆಯ ದಿನ ಅವಳೂ ಎಲ್ಲಾದರೂ ಸುತ್ತಲಿ ಎಂದುಕೊಳ್ಳುತ್ತಿದ್ದಳು.

ಗಂಡನೋ, ಅಲ್ಲಿಯವರೆಗೆ ಬಂದ ಕೂಡಲೇ "ತಿಂದೆಯಾ" ಎಂದು ಕೇಳುತ್ತಿದ್ದವನು, ಈಗ ಅದನ್ನೂ ಬಿಟ್ಟ. ಸೀದಾ ಕೈಕಾಲು ತೊಳೆಯಲು ಹೋಗುತ್ತಿದ್ದ. ಕಲ್ಲು ಮನುಷ್ಯ. ಅವಳು ಅವನೊಂದಿಗೆ ಮಾತು ಕಡಿಮೆ ಮಾಡಿದಳು.

ಹದಿನೈದು ದಿನದ ಹಿಂದೆ, ಬೆಳಿಗ್ಗೆ ಕೆಲಸಕ್ಕೆ ಹೊರಟು ಷೂ ಲೇಸು ಕಟ್ಟಲು ಬಗ್ಗಿದ ಕಲ್ಲು ಮನುಷ್ಯ ಮತ್ತೆ ಏಳಲಿಲ್ಲ. ಅವಳಿಗೆ ಅಳು ಬರಲಿಲ್ಲ. ಬಂದವರು ಅದು ಆಘಾತ, ಅಳು ಆಮೇಲೆ ಬರುತ್ತದೆ ಎಂದರು. ಆಘಾತವೂ ಇರಲಿಲ್ಲ, ಒಳಗೆ ಏನೂ ಇರಲಿಲ್ಲ. ಮಗಳಿಗೆ ತಿಳಿಸುವುದು ಹೇಗೆ ಎಂಬುದೊಂದೇ ತಲೆಯಲ್ಲಿತ್ತು.

ಮನೆ ತುಂಬ ನೆಂಟರು. ಮೈದುನ ಬ್ಯಾಂಕಿನ ಕಾಗದಪತ್ರ ನೋಡಲು ಲ್ಯಾಪ್‌ಟಾಪ್ ತೆಗೆದುಕೊಂಡ. ಹಿಂತಿರುಗಿಸುವಾಗ ಎದೆಯುಬ್ಬಿಸಿ ಹೇಳಿದ: "ಅತ್ತಿಗೆ, ಇದರಲ್ಲಿ ಸ್ಪೈವೇರ್ ಇತ್ತು. ಯಾರೋ ದೂರದಿಂದಲೇ ಕ್ಯಾಮೆರಾ ತೆರೆದು ನೋಡೋ ಹಾಗೆ ಮಾಡಿದ್ರು. ಹೊಸ ಕಾವಲು ಹಾಕಿದ್ದೀನಿ, ಇನ್ನು ಇರುವೆಯೂ ನುಗ್ಗಲ್ಲ."

ನೆಂಟರು ಹೋದ ಮೇಲೆ ಅವಳು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಅಪ್ಪ ಹೋದರು. ಮನೆಗೆ ಬಾ" ಎಂದು ಬರೆದಳು. ಎಂಟು ಸಂಜೆ ಅದನ್ನು ಎದೆಗೆ ಹಿಡಿದು ಕುಳಿತಳು. ದೀಪ ಬರಲಿಲ್ಲ.

"ಅವಳಿಗೆ ಬೇರೆ ದಾರಿ ಇಲ್ಲ," ಎಂದಳು ಈಗ. "ಆ ಕಾವಲು ತೆಗೆದುಬಿಡಪ್ಪ."

ರಿಪೇರಿಯವನಿಗೆ ಇದು ಸರಿಕಾಣಲಿಲ್ಲ. ಬಾಗಿಲು ತೆರೆದಿಟ್ಟರೆ ಮಗಳೊಬ್ಬಳೇ ಬರುವುದಿಲ್ಲ, ಊರ ಕಳ್ಳರೆಲ್ಲ ಬರುತ್ತಾರೆ ಎಂದು ತಿಳಿಹೇಳಿದ. ಅವಳು ಅಲುಗಾಡಲಿಲ್ಲ. ಅವನು ಯಂತ್ರ ಶುರು ಮಾಡಿದ. ಬೇಹುಗಾರ ಪ್ರೋಗ್ರಾಮು ಅಳಿಸಿಹೋಗಿರಲಿಲ್ಲ. ಹೊಸ ಕಾವಲು ಅದನ್ನು ಒಂದು ಮೂಲೆಯಲ್ಲಿ ಕೂಡಿಹಾಕಿತ್ತು. ತಾನು ಯಾವಾಗ ಕ್ಯಾಮೆರಾ ತೆರೆದೆ ಎಂದು ಅದೇ ಬರೆದಿಟ್ಟ ಪಟ್ಟಿಯೂ ಇತ್ತು. ಆರುನೂರಕ್ಕೂ ಹೆಚ್ಚು ಸಾಲು. ಅವನು ಕೊನೆಯ ಸಾಲಿಗೆ ಬಂದು ಹುಬ್ಬೇರಿಸಿದ.

"ಅಮ್ಮ, ಸುಮ್ಮನೆ ನಿಮ್ಮ ಮೈದುನನ ಮೇಲೆ ಗೂಬೆ ಕೂರಿಸಬೇಡಿ. ಕಾವಲು ಹಾಕಿದ್ದು ಹದಿನೇಳನೇ ತಾರೀಕಿಗೆ. ಕಳ್ಳ ಕೊನೇ ಸಲ ಬಂದಿದ್ದು ಹನ್ನೆರಡಕ್ಕೆ. ಆಮೇಲೆ ಬಾಗಿಲು ತೆರೆದೇ ಇತ್ತು, ಅವರೇ ಬಂದಿಲ್ಲ."

ಗಂಡ ಹೋದದ್ದು ಹದಿಮೂರರ ಬೆಳಿಗ್ಗೆ.

ಹಾಗಾದರೆ ಯಾರೋ ಅವಳಿಗೆ ಸುದ್ದಿ ಮುಟ್ಟಿಸಿದ್ದಾರೆ, ಎಂದುಕೊಂಡಳು ತಾಯಿ. ತಿಳಿದೂ ಬರಲಿಲ್ಲ. ತಿಳಿದ ಮೇಲೆ ನೋಡುವುದನ್ನೂ ಬಿಟ್ಟಳು. ಅಪ್ಪನ ಮೇಲಿನ ಸಿಟ್ಟು ಅಮ್ಮನವರೆಗೂ ಬಂತೇ? ಇದು ನೋಯಬೇಕಿತ್ತು. ನೋಯಲಿಲ್ಲ. ಅವಳು ಟವೆಲನ್ನು ನಾಲ್ಕಾಗಿ ಮಡಿಸಿದಳು.

"ಎಲ್ಲಿಂದ ನೋಡ್ತಿದ್ದಳು, ಅಷ್ಟಾದರೂ ಗೊತ್ತಾಗುತ್ತಾ?"

"ಊರು ಗೊತ್ತಾಗಲ್ಲ. ಆ ಕಡೆಯ ಕಂಪ್ಯೂಟರಿಗೆ ಇಟ್ಟಿರೋ ಹೆಸರು ಮಾತ್ರ ಇದೆ. ಶುರುವಿಂದ ಕೊನೇವರೆಗೂ ಅದೊಂದೇ."

ಅವನು ತೆರೆಯನ್ನು ಅವಳ ಕಡೆ ತಿರುಗಿಸಿದ. ಅವಳು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದಳು.

ಅದು ಅವಳ ಗಂಡ ಇಪ್ಪತ್ತಾರು ವರ್ಷ ಪ್ರೂಫ್ ತಿದ್ದಿದ ಮುದ್ರಣಾಲಯದ ಹೆಸರು.