ಹತ್ತು ಕೋಟಿಯ ಏಳು

ವಾರಿಜಾಗೆ ಮದುವೆ ಬೇಕಿರಲಿಲ್ಲ. ಕಾಲೇಜಿನಲ್ಲಿ ಗಣಿತ ಕಲಿಸಿಕೊಂಡು ಹಾಯಾಗಿದ್ದಳು. ಅಪ್ಪ ಕರೆತಂದ ಗಂಡುಗಳಿಗೆಲ್ಲ ಉಪ್ಪಿಟ್ಟಿನ ಜೊತೆ ಒಂದು ಚೀಟಿ ಕೊಡುತ್ತಿದ್ದಳು. ಅದರಲ್ಲಿರುತ್ತಿದ್ದ ಸಂಖ್ಯೆ ಹತ್ತು ಕೋಟಿಯ ಏಳು.

“ಒಂದನ್ನ ಬಿಟ್ಟು ಬೇರೆ ಯಾವ ಎರಡು ಸಂಖ್ಯೆ ಗುಣಿಸಿದ್ರೆ ಇದು ಬರುತ್ತೆ? ಹೇಳಿದವರನ್ನ ಮದುವೆಯಾಗ್ತೀನಿ.”

ಅದು ಅವಿಭಾಜ್ಯ ಸಂಖ್ಯೆ. ಅಂಥ ಜೋಡಿ ಲೋಕದಲ್ಲೇ ಇಲ್ಲವೆಂಬುದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ನಾಲ್ವರು ಬೆವರೊರೆಸಿಕೊಂಡು ಎದ್ದುಹೋಗಿದ್ದರು.

ಐದನೆಯವನು ಅಂಚೆ ಕಚೇರಿಯ ಗುಮಾಸ್ತ ಚಿದಂಬರ. ಚೀಟಿ ನೋಡಿದ. ತಟ್ಟೆ ಖಾಲಿ ಮಾಡಿ, ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಂಡ.

“ಆಗಲ್ಲ ಅಂತ ಒಪ್ಕೊಂಡುಬಿಡಿ,” ಎಂದಳು ವಾರಿಜಾ.

“ಅದು ಹೇಗೆ? ಹತ್ತು ಸಾವಿರದೊಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡ್ಬೇಕಲ್ಲ. ಅಂಥವು ಸಾವಿರದ ಇನ್ನೂರ ಇಪ್ಪತ್ತೊಂಬತ್ತಿವೆ.”

ವಾರಿಜಾ ಬೆಚ್ಚಿದಳು. ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸುವ ಕ್ರಮವೇ ಅದು; ಇವನಿಗೆ ಗುಟ್ಟು ತಿಳಿದಿತ್ತು!

“ಎಷ್ಟು ದಿನ ಬೇಕಪ್ಪಾ?” ಎಂದರು ಅವಳ ಅಪ್ಪ.

“ನಂಗೆ ರಜಾ ಭಾನುವಾರ ಮಾತ್ರ. ವಾರಕ್ಕೊಂದರಂತೆ ಇಲ್ಲಿಗೆ ಬಂದು ಭಾಗಿಸಿದ್ರೆ ಇಪ್ಪತ್ನಾಲ್ಕು ವರ್ಷ,” ಎಂದವನು ಅವಳತ್ತ ತಿರುಗಿದ. “ಅಷ್ಟು ಸಲ ಓಡಾಡೋ ಬದಲು, ಮದುವೆಯಾಗೇ ಲೆಕ್ಕ ಮುಗಿಸೋಣ್ವಾ?”

ವಾರಿಜಾ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಆಯ್ತು, ಎರಡರಿಂದ ಶುರುಮಾಡೋಣ.”