ಬೆಂಡಿನ ಅಳತೆ

ದಡದ ಮೇಲಿನ ಬೋರ್ಡಿನ ಅಕ್ಷರಗಳು ಕಾಣದಷ್ಟು ದೂರ ಬಂದ ಮೇಲೆಯೇ ಕಲ್ಯಾಣಿ ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ದೋಣಿ ಹತ್ತುವ ಮುನ್ನ ಮಧುಸೂದನ್ ಆ ಬೋರ್ಡನ್ನು ಎರಡು ಸಲ ಓದಿದ್ದ. 'ಅಪಾಯ. ನೀರು ಹದಿನೈದು ಅಡಿ ಆಳವಿದೆ. ಇಳಿಯಬೇಡಿ.'

ವಿದುರಾಶ್ವತ್ಥದ ಕೆಳಗೆ ಉತ್ತರ ಪಿನಾಕಿನಿಗೆ ಕಟ್ಟಿದ ಚೆಕ್ ಡ್ಯಾಮ್ ಅದು. ನಿಂತ ನೀರು ಚಹಾದ ಬಣ್ಣಕ್ಕಿತ್ತು. ಅದ್ದಿದ ಬೆರಳು ಅಲ್ಲೇ ಮಾಯವಾಗುತ್ತಿತ್ತು. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಅವರಿಬ್ಬರೇ. ಕಲ್ಯಾಣಿ ಒಳಗೆಳೆದುಕೊಂಡ ಹುಟ್ಟಿನ ತುದಿಯಿಂದ ಕೆಸರು ತೊಟ್ಟಿಕ್ಕಿತು.

ಮಧುಸೂದನ್‌ಗೆ ಚಿಕ್ಕಬಳ್ಳಾಪುರದಲ್ಲಿ ಅಂಗಡಿ. ದೋಣಿ, ಟೆಂಟು, ಗಾಳ, ಲೈಫ್ ಜಾಕೆಟ್ ಮಾರುತ್ತಾನೆ. ರೆಸಾರ್ಟ್ ತೆರೆಯುತ್ತಿದ್ದೇನೆ, ನಲವತ್ತು ಜಾಕೆಟ್ ಬೇಕು ಎಂದು ಬಂದಿದ್ದ ಈ ಹೆಂಗಸಿನದು ಒಂದೇ ಷರತ್ತು: ಸಾಮಾನನ್ನು ನೀರಿನ ಮೇಲೆ ತೋರಿಸಬೇಕು. ದಡದಲ್ಲಿ ಅವಳು ಅವನ ಮೈಮೇಲಿನ ಕೆಂಪು ಜಾಕೆಟ್ಟನ್ನೇ ಕೇಳಿ ತೊಟ್ಟಳು. ಅದು ಅವನ ಸ್ವಂತದ್ದು, ಹೊರದೇಶದ್ದು. ಮಾರಲು ತಂದ ಹಳದಿಯದನ್ನು ಅವನು ಹಾಕಿಕೊಳ್ಳಬೇಕಾಯಿತು.

"ಎರಡೂ ಒಂದೇ, ಮೇಡಂ," ಎಂದಿದ್ದ ಆಗ.

ಈಗ ಅವನು ಗಾಳದ ಪಾಠ ಶುರು ಮಾಡಿದ್ದ. "ಬೆಂಡು ಕಟ್ಟೋದ್ರಲ್ಲೇ ಎಲ್ಲಾ ಇರೋದು, ಮೇಡಂ. ನೀರು ಎಷ್ಟು ಆಳನೋ, ಗಾಳದಿಂದ ಅಷ್ಟು ಮೇಲೆ ಬೆಂಡು ಇರಬೇಕು. ಗಾಳ ತಳ ಮುಟ್ಟಬೇಕು. ದೊಡ್ಡ ಮೀನು ಮೇಯೋದು ತಳದಲ್ಲೇ."

ಕಲ್ಯಾಣಿ ತನ್ನ ದಾರಕ್ಕೆ ಬೆಂಡು ಕಟ್ಟಿದಳು. ಗಾಳದಿಂದ ಒಂದು ಮೊಳ ಮೇಲೆ.

ಅವನು ನಕ್ಕ. "ಇದೇನ್ ಮೇಡಂ, ಮೊಳದುದ್ದ? ಮೀನು ನೋಡಿ ನಗ್ತವೆ."

"ನನ್ನ ತಮ್ಮ ಹೇಳ್ಕೊಟ್ಟಿದ್ದು. ಮೊದಲು ನೀರು ನೋಡು, ಆಮೇಲೆ ಕಟ್ಟು ಅಂತಿದ್ದ."

"ಅವರನ್ನೂ ಅಂಗಡಿಗೆ ಕರ್ಕೊಂಡ್ ಬನ್ನಿ. ನಾಕು ಟಿಪ್ಸ್ ಕೊಡ್ತೀನಿ."

"ಬಂದಿದ್ದ. ಇದೇ ಹಳದಿ ಜಾಕೆಟ್ ತಗೊಂಡ. ನಾಗರಾಜ್ ಅಂತ."

ಮಧುಸೂದನ್‌ನ ನಗು ನಿಂತಿತು.

ನಾಗರಾಜ್ ಚಿಂತಾಮಣಿ ಕಡೆಯ ಕೆರೆಯೊಂದರಲ್ಲಿ ದೋಣಿ ಶಿಬಿರ ನಡೆಸುತ್ತಿದ್ದ. ಗಾಳಿಗೆ ದೋಣಿ ಮಗುಚಿದಾಗ ಇಬ್ಬರು ಅತಿಥಿಗಳನ್ನು ಅದರ ಬೆನ್ನಿನ ಮೇಲೆ ಹತ್ತಿಸಿದ. ತಾನು ಜಾಕೆಟ್ ಸಮೇತ ಮುಳುಗಿದ. ಅವನು ಪಟ್ಟಿ ಬಿಗಿದಿರಲಿಲ್ಲ, ಕುಡಿದಿದ್ದ ಎಂದು ಮಧುಸೂದನ್ ಪೊಲೀಸರಿಗೆ ಹೇಳಿಕೆ ಕೊಟ್ಟ. ಹೆಣದ ಮೇಲಿನ ಮೂರೂ ಬಕಲ್‌ಗಳನ್ನು ಬಿಚ್ಚಿದವಳು ಕಲ್ಯಾಣಿ. ಮೂರೂ ಬಿಗಿಯಾಗಿದ್ದವು. ಮರಣೋತ್ತರ ಪರೀಕ್ಷೆಯಲ್ಲಿ ಮದ್ಯದ ಸುಳಿವಿರಲಿಲ್ಲ. ಆದರೂ ಊರು ಹೇಳಿಕೆಯನ್ನೇ ನಂಬಿತು. ಸಾಕ್ಷಿಗೆ ಒಂದು ಜಾಕೆಟ್ ಸಾಲದು, ಅದೇ ಬ್ಯಾಚಿನ ಚೀಟಿ ಅಂಟಿದ ಸರಕು ಸಿಗಬೇಕು ಎಂದರು ಪೊಲೀಸರು. ಸರಕೆಲ್ಲ ಕಂಪನಿಗೆ ವಾಪಸ್ ಹೋಯಿತು ಎಂದ ಮಧುಸೂದನ್. ಅಂಗಡಿಯಲ್ಲಿ ಮಾತ್ರ ಹಳದಿ ಜಾಕೆಟ್‌ಗಳು ಹೊಸ ಚೀಟಿ ಅಂಟಿಸಿಕೊಂಡು ಮಾರಾಟವಾಗುತ್ತಲೇ ಇದ್ದವು.

"ದಡಕ್ಕೆ ಹೋಗೋಣಮ್ಮ," ಎಂದ ಅವನು. 'ಮೇಡಂ' ಬಿದ್ದುಹೋಗಿತ್ತು.

ಕಲ್ಯಾಣಿ ಒಂದು ಹುಟ್ಟನ್ನು ದೂರಕ್ಕೆ ಎಸೆದಳು. ಇನ್ನೊಂದನ್ನು ಅದಕ್ಕಿಂತ ದೂರಕ್ಕೆ. ಆಮೇಲೆ ಬಗ್ಗಿ, ದೋಣಿಗೆ ಗಾಳಿ ತುಂಬುವ ಬೂಚನ್ನು ಕಿತ್ತಳು.

ಸುಸ್ಸೆಂದು ಸದ್ದಾಯಿತು.

"ಏಯ್! ಏನ್ ಮಾಡ್ತಿದ್ದೀಯ? ನಂಗೆ ಈಜು ಬರಲ್ಲ!"

"ಈಜು ಯಾಕೆ? ಜಾಕೆಟ್ ಇದೆಯಲ್ಲ. ಎರಡೂ ಒಂದೇ ಅಂದ್ರಿ. ತೇಲಿ."

"ಹುಚ್ಚಾಟ ಬೇಡ. ಕೊಲೆ ಕೇಸಾಗುತ್ತೆ."

"ಪಟ್ಟಿ ಬಿಗಿದಿರಲಿಲ್ಲ ಅಂತ ಹೇಳಿಕೆ ಕೊಡ್ತೀನಿ. ಕುಡಿದಿದ್ರು ಅಂತಾನೂ."

ದೋಣಿಯ ಅಂಚು ಮೆತ್ತಗಾಯಿತು. ಅವನು ಬೂಚಿಗೆ ಕೈ ಚಾಚಿದ. ಅವಳು ಅದನ್ನು ಮುಷ್ಟಿಯಲ್ಲಿ ಅದುಮಿದಳು. ಬೇಡ ಎನ್ನಲು ಅವನ ಮನೆಮಾತು ತೆಲುಗು ತಾನಾಗಿ ಹೊರಬಂತು.

"ವದ್ದಮ್ಮಾ, ವದ್ದು! ಮುಳುಗುತ್ತೆ ಈ ಜಾಕೆಟ್ಟು! ಒಳಗಿರೋದು ಬರೀ ಹಾಸಿಗೆ ಸ್ಪಂಜು. ನೀರು ಕುಡಿದು ಕಲ್ಲಾಗುತ್ತೆ!"

"ಹಂಗಾದ್ರೆ ಕುಡಿದಿದ್ದು ನನ್ನ ತಮ್ಮ ಅಲ್ಲ," ಎಂದಳು ಕಲ್ಯಾಣಿ. ಹಲ್ಲು ಕಚ್ಚಿದ್ದರಿಂದ ದನಿ ಸಣ್ಣದಾಗಿತ್ತು. "ನೀನು ಮಾರಿದ ಜಾಕೆಟ್ಟು. ಹಳೇ ಚೀಟಿ ಸರಕು ಎಲ್ಲಿದೆ?"

"ವಾಪಸ್..."

ಅವಳು ಬೂಚಿದ್ದ ಮುಷ್ಟಿಯನ್ನು ಮಡಿಲಲ್ಲಿಟ್ಟು ಕುಳಿತಳು. ಕಂದು ನೀರು ಅಂಚಿಗೆ ನಾಲ್ಕು ಬೆರಳಷ್ಟು ಹತ್ತಿರ ಬಂತು.

"ಶಿಡ್ಲಘಟ್ಟ! ಮಾವನ ಹಳೇ ರೀಲಿಂಗ್ ಶೆಡ್ಡು! ರೇಷ್ಮೆ ನಿಲ್ಸಿದ್ದಾರೆ, ಅಲ್ಲೇ ಇದೆ ಎಲ್ಲಾ. ಚೀಟಿನೂ ಕಿತ್ತಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಬೂಚು ಹಾಕಮ್ಮ!"

ಕಲ್ಯಾಣಿ ಜಾಕೆಟ್ಟಿನ ಜೇಬಿನಿಂದ ಫೋನ್ ತೆಗೆದಳು. ಕರೆ ಆಗಲೇ ಚಾಲ್ತಿಯಲ್ಲಿತ್ತು. "ಕೇಳಿಸ್ತಾ, ಸಾರ್?"

"ಶೆಡ್ಡಿಗೇ ಹೊರಟ್ವಿ ಕಣಮ್ಮ," ಎಂದಿತು ಪೊಲೀಸ್ ದನಿ. "ಆದ್ರೆ ನೀವೆಲ್ಲಿದ್ದೀರಾ? ಆತನಿಗೇನೂ ಮಾಡ್ಬೇಡಿ."

"ಏನೂ ಮಾಡಲ್ಲ, ಸಾರ್."

ಅವಳು ಬೂಚನ್ನು ನೀರಿಗೆ ಎಸೆದಳು.

ಮಧುಸೂದನ್ ಕಿರುಚಿದ. ದೋಣಿ ಕುಸಿದು ನೀರು ಒಳನುಗ್ಗಿತು. ಹಳದಿ ಜಾಕೆಟ್ ಅದನ್ನು ಹೀರಿ ಕಪ್ಪಾಗತೊಡಗಿತು. ಅವನು ಕಣ್ಣು ಮುಚ್ಚಿ, ಮುಳುಗುವವನಂತೆ ಎರಡೂ ಕೈ ಮೇಲೆತ್ತಿದ. ಕಲ್ಯಾಣಿ ಎದ್ದು, ಕೆಂಪು ಜಾಕೆಟ್ಟನ್ನು ಬಿಚ್ಚಿ ಅವನ ಮಡಿಲಿಗೆ ಹಾಕಿ, ಅಂಚು ದಾಟಿ ಹೊಳೆಗೆ ಕಾಲಿಟ್ಟಳು.

ಎಷ್ಟೋ ಮಳೆಗಾಲಗಳ ಹೂಳು ತುಂಬಿದ್ದರೂ ಯಾರೂ ಬೋರ್ಡು ಬದಲಿಸದ ಆ ಚೆಕ್ ಡ್ಯಾಮಿನಲ್ಲಿ ನೀರು ಅವಳ ಮಂಡಿಯವರೆಗೆ ಬಂತು. ಅವಳ ಬೆಂಡಿನಿಂದ ಗಾಳಕ್ಕೆ ಇದ್ದಷ್ಟೇ, ಒಂದು ಮೊಳ.