ಗುಂಡಣ್ಣನ ಸೀನು

ಪಂಕಜ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಮೂಲೆಯ ಬುಟ್ಟಿಯಲ್ಲಿ ಗುಂಡಣ್ಣ ಸೀನಿದ. ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಗುಂಡಣ್ಣ ಮುಂಗುಸಿಯಂಥ ಪುಟ್ಟ ಫೆರೆಟ್. ಶೀತಜ್ವರದ ಹೊಸ ಲಸಿಕೆಯನ್ನು ಮೊದಲು ಫೆರೆಟ್‌ಗಳಿಗೆ ಚುಚ್ಚಿ, ಮನೆಮನೆಗೆ ಕೊಟ್ಟು ನೋಡುವ ಕಾಲ ಅದು. ಚಳಿಗಾಲವಿಡೀ ಸೀನದಿದ್ದರೆ ಪ್ರಾಣಿ ಮನೆಯವರದೇ. ಸೀನಿದರೆ ಪ್ರಯೋಗಾಲಯಕ್ಕೆ ವಾಪಸ್ಸು. ಇವತ್ತೊಂದು ದಿನ ಕಳೆದಿದ್ದರೆ ಗುಂಡಣ್ಣ ಇಲ್ಲೇ ಉಳಿಯುತ್ತಿದ್ದ.

"ಅತ್ತೆ, ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿಬಿಟ್ರಾ?"

"ಗುಂಡಣ್ಣ ಇರೋದೇ ಮರ್ತುಹೋಗಿ ಹಾಕ್ಬಿಟ್ಟೆ ಕಣೇ! ಸಪ್ಪೆ ಚಟ್ನಿ ತಿಂದು ತಿಂದು ನಾಲಿಗೆ ಸತ್ತೋಗಿತ್ತು" ಎನ್ನುತ್ತಲೇ ಅತ್ತೆಯೂ ಸೀನಿದರು. ಘಾಟು ಮನೆಯೆಲ್ಲ ತುಂಬಿತು. ಸೀನಿದರೆ ಲಸಿಕೆ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವ ಗುಂಡಣ್ಣನ ಕೊರಳಪಟ್ಟಿಯ ದೀಪ ಕೆಂಪಾಯಿತು.

ಸ್ವಲ್ಪ ಹೊತ್ತಿಗೆ ಲಸಿಕೆ ಕೇಂದ್ರದ ನಸೀಮಾ ಪಂಜರ ಹಿಡಿದು ಬಂದಳು.

"ಇದು ಜ್ವರ ಅಲ್ಲಮ್ಮ, ಬರೀ ಘಾಟು!" ಪಂಕಜ ಗುಂಡಣ್ಣನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಸೀನಿದ್ದನ್ನ ಬಿಟ್ಟುಹೋಗೋ ಹಾಗಿಲ್ಲ ಅಕ್ಕ. ರೂಲ್ಸು ಅಂದ್ರೆ... ಆಕ್ಷೀ!"

ಪಂಕಜಳ ಮಗಳು ತುಂಗಾ "ನಸೀಮಕ್ಕಾ" ಎಂದು ಬಾಯಿ ತೆರೆದಳು. ಸೀನು ಬಂತು. ಮತ್ತೆ ತೆರೆದಳು, ಮತ್ತೆ ಸೀನು. ಅತ್ತೆ ಕಂಬಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಸೀಮಾಳ ಸೀನಿಗಂತೂ ಪಂಜರವೇ ಕೈಜಾರಿ ಬಿತ್ತು.

ಕೊನೆಗೆ ತುಂಗಾ ಎರಡೂ ಕೈಯಿಂದ ಮೂಗು ಹಿಡಿದುಕೊಂಡು ಒಂದೇ ಉಸಿರಿಗೆ ಕೇಳಿದಳು:

"ನಸೀಮಕ್ಕಾ, ನೀವೂ ಸೀನಿದ್ರಲ್ಲ, ನಿಮ್ಮನ್ನ ಯಾರು ಹಿಡ್ಕೊಂಡು ಹೋಗ್ತಾರೆ?"